ಮೂರು ದಿನ ಕಾದು ಎತ್ತಿಕೊಳ್ಳುತ್ತಿದ್ದ ಚಾಚಾ

ನ್ಯಾಯಾಲಯದ ಕಡತದಲ್ಲಿ ಅವರೀಗ ‘ಮೃತ ಆರೋಪಿ’. ಆರೋಪಿ ಸತ್ತಿರುವುದರಿಂದ ಪ್ರಕರಣ ಮುಕ್ತಾಯ ಎಂಬ ಒಂದು ಸಾಲಿನ ಆದೇಶ ಬಂದಿದೆ. ಅವರು ಕಳ್ಳತನ ಮಾಡಿದ್ದರು ಎಂದು ಅದರಲ್ಲಿಲ್ಲ, ಮಾಡಿರಲಿಲ್ಲ ಎಂದೂ ಇಲ್ಲ. ಸತ್ತವರಿಗೆ ತೀರ್ಪು ಬೇಕಾಗುವುದಿಲ್ಲ ಎಂದು ಕಾನೂನು ತಿಳಿದಿದೆ.

ನಾನು ಕೊಪ್ಪಳ ಜಿಲ್ಲೆಯಲ್ಲಿ ಬಹಳ ವರ್ಷಗಳಿಂದ ಪತ್ರಿಕೆಗೆ ವರದಿ ಬರೆಯುವವನು. ಹೆಸರು, ವಯಸ್ಸು, ಊರು, ಮೂರೂ ಸರಿಯಿರಬೇಕು ಎನ್ನುವುದು ಈ ಕೆಲಸದಲ್ಲಿ ನಾನು ಕಲಿತ ಮೊದಲ ಪಾಠ. ಆದರೂ ಇಲ್ಲಿ ಅವರ ಹೆಸರು ಬರೆಯುವುದಿಲ್ಲ. ಒಮ್ಮೆ ಬರೆದಿದ್ದೆ, ಅದರಿಂದ ಏನಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ. ಗಂಗಾವತಿಯಲ್ಲಿ ಅವರ ಓಣಿಯವರು ಕರೆಯುತ್ತಿದ್ದ ಹಾಗೆ ನಾನೂ ಚಾಚಾ ಎನ್ನುತ್ತೇನೆ.

ಚಾಚಾ ಮೂವತ್ತು ವರ್ಷ ಅಕ್ಕಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವರು. ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿನ ಮೇಲಿಟ್ಟು, ಹಿಡಿಕೆಗೆ ಕಿವಿ ಹಚ್ಚಿ, ಯಾವ ಬೇರಿಂಗ್ ಸವೆದಿದೆ ಎಂದು ಹೇಳಬಲ್ಲವರಾಗಿದ್ದರು. ಆ ಕಿವಿಯ ಬಗ್ಗೆ ಅವರಿಗೆ ಸಣ್ಣದಲ್ಲದ ಜಂಬವಿತ್ತು. ಗಿರಣಿಗೆ ಹೊಸ ಯಂತ್ರಗಳು ಬಂದವು. ಕೆಟ್ಟರೆ ಕಂಪನಿಯವರೇ ಬಂದು ಹಳೆಯ ಬೋರ್ಡು ಕಿತ್ತು ಹೊಸದು ಹಾಕಿ ಹೋಗುತ್ತಿದ್ದರು. ಕಿವಿಗೆ ಕೆಲಸವಿಲ್ಲದಂತಾಯಿತು. ಆಮೇಲೆ ಅವರು ಬೆಳಗಿನ ನಮಾಜು ಮುಗಿಸಿ ಮೊಪೆಡ್ ಹತ್ತಿ ಊರ ಹೊರಗಿನ ಕಸದ ಗುಡ್ಡಕ್ಕೆ ಹೋಗತೊಡಗಿದರು. ಕಾಲಿಗೆ ಗಂಬೂಟು, ಒಂದು ಕಪ್ಪು, ಒಂದು ನೀಲಿ. ಎರಡೂ ಅಲ್ಲಿಯೇ ಸಿಕ್ಕಿದ್ದವು, ಬೇರೆ ಬೇರೆ ವಾರದಲ್ಲಿ. ಕೈಯಲ್ಲಿ ಒಂದು ಸಲಾಕೆ. ಅದರ ತುದಿಗೆ ಒಡೆದ ಸ್ಪೀಕರಿನ ಅಯಸ್ಕಾಂತ ಕಟ್ಟಿದ್ದರು.

ಅವರದೊಂದು ಕಟ್ಟಳೆ ಇತ್ತು. ಕಸದಲ್ಲಿ ಬಿದ್ದ ಯಾವುದೇ ಯಂತ್ರವನ್ನು ಕಂಡ ದಿನವೇ ಮುಟ್ಟುತ್ತಿರಲಿಲ್ಲ. ಬಿದ್ದದ್ದನ್ನು ಎತ್ತಿ ನೆಟ್ಟಗೆ ನಿಲ್ಲಿಸಿ, ಮಳೆಗಾಲವಾದರೆ ಗೊಬ್ಬರದ ಚೀಲ ಹೊದಿಸಿ, ಬಂದುಬಿಡುತ್ತಿದ್ದರು. ಮೂರನೆಯ ದಿನಕ್ಕೂ ಯಾರೂ ಕೇಳಿಕೊಂಡು ಬರದಿದ್ದರೆ ಮಾತ್ರ ಮೊಪೆಡ್ಡಿಗೆ ಏರಿಸುತ್ತಿದ್ದರು. ಯಾಕೆ ಎಂದು ಕೇಳಿದ್ದೆ.

“ನಮ್ಮಾಗ ಮಣ್ಣು ಕೊಟ್ಟ ಮೂರನೇ ದಿನ ಜಿಯಾರತ್ ಮಾಡ್ತಾರ್ರಿ. ಸತ್ತಾಂವ ಸತ್ತಾನ ಅಂತ ಎಲ್ಲಾರೂ ಒಪ್ಕೊಳ್ಳೋ ದಿನ ಅದು. ಮಶೀನಿಗೂ ಅಷ್ಟು ಮರ್ಯಾದಿ ಕೊಡ್ಬೇಕಲ್ರೀ ಸಾಹೇಬ್ರ. ಒಗದಾಂವಗ ಒಂದೊಂದ್ಸಲ ಮನಸ್ಸು ತಿರಗತೈತಿ.”

ಇಷ್ಟು ವರ್ಷದಲ್ಲಿ ಮನಸ್ಸು ತಿರುಗಿದವರನ್ನು ಕಂಡಿದ್ದೀರಾ ಎಂದರೆ ನಕ್ಕರು. “ಒಬ್ಬಾಕಿ ಬಂದಿದ್ಲು. ಮಿಕ್ಸರ್ ಒಯ್ಯಾಕಲ್ಲ, ಅದರ ಮುಚ್ಚಳ ಬೇಕಾಗಿತ್ತಂತ.”

ಅಲ್ಲಿ ಪ್ಲಾಸ್ಟಿಕ್ ಆಯುವ ಹೆಣ್ಣುಮಕ್ಕಳು ಈ ಕಟ್ಟಳೆಯನ್ನು ಬಲ್ಲವರು. ಚಾಚಾ ನಿಲ್ಲಿಸಿಟ್ಟದ್ದನ್ನು ಯಾರೂ ಗುಜರಿಗೆ ಹಾಕುತ್ತಿರಲಿಲ್ಲ. ನಾನಿದ್ದಾಗಲೇ ಒಬ್ಬಳು ದೂರದಿಂದ ಕೂಗಿದಳು: “ಚಾಚಾ, ನಿಮ್ಮ ಹೆಣಕ್ಕ ಇವತ್ತಿಗೆ ಎರಡ ದಿನ ಆತು. ನಾಳಿ ಬಂದು ಒಯ್ರಿ, ನಾಯಿ ಉಚ್ಚಿ ಹೊಯ್ಯಾಕತ್ತಾವ!”

ಅವರು ಸಂತರೇನಲ್ಲ. ಬೈಗುಳ ಚೆನ್ನಾಗಿ ಬರುತ್ತಿತ್ತು, ಎರಡು ಭಾಷೆಯಲ್ಲಿ. ತಾಮ್ರದ ಆಸೆಗೆ ವೈರನ್ನು ಬುಡಕ್ಕೆ ಕತ್ತರಿಸಿ ಎಸೆದ ಯಂತ್ರ ಕಂಡರೆ ಅವರ ಮೋರೆ ಕೆಂಪಾಗುತ್ತಿತ್ತು. “ನಾಲಿಗಿ ಕೊಯ್ದು ಒಗದಾರ ನೋಡ್ರಿ, ಇವರ ಮನಿ ಹಾಳಾಗ!” ರಿಪೇರಿ ಮಾಡಿದ್ದನ್ನು ಪುಕ್ಕಟೆ ಕೊಡುತ್ತಿದ್ದರು, ಆದರೆ ಒಯ್ದು ಮಾರಿಕೊಳ್ಳುವವರ ವಾಸನೆ ಹತ್ತಿದರೆ ಬಾಗಿಲಲ್ಲೇ ನಿಲ್ಲಿಸಿ ಕಳಿಸುತ್ತಿದ್ದರು. ಹೆಂಡತಿಯ ಮಾತನ್ನು ಮಾತ್ರ ತಲೆ ತಗ್ಗಿಸಿ ಕೇಳುತ್ತಿದ್ದರು. ನಾನು ಮೊದಲ ಸಲ ಮನೆಗೆ ಹೋದಾಗ ಕೂರಲು ಜಾಗವಿರಲಿಲ್ಲ. ಫ್ಯಾನು, ಪಂಪು, ಬಿಚ್ಚಿದ ವಾಷಿಂಗ್ ಮಶೀನು, ಮೂರು ಗಾಲಿಕುರ್ಚಿ. ಚಾಚಿ ಚಹಾದ ಕಪ್ಪನ್ನು ಒಂದು ಮೋಟಾರಿನ ಮೇಲಿಟ್ಟು ಹೇಳಿದರು: “ಈ ಮನಿಯಾಗ ಹೊಸಾದು ಅಂತ ಬಂದಿದ್ದು ನಾ ಒಬ್ಬಾಕಿನ ನೋಡ್ರಿ. ನಾನೂ ಈಗ ಹಳೇದಾದೆ.”

“ಹಳೇದಾದ್ರೇನಾತು, ಚಾಲೂ ಐತಲ್ಲ,” ಎಂದರು ಚಾಚಾ, ತಲೆ ಎತ್ತದೆ.

ಆನೆಗೊಂದಿಯಲ್ಲಿ ಬಾಳೆನಾರಿನ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ಅವರೊಂದು ನಾರು ತೆಗೆಯುವ ಯಂತ್ರ ಕಟ್ಟಿಕೊಟ್ಟಿದ್ದರು. ವಾಷಿಂಗ್ ಮಶೀನಿನ ಮೋಟಾರು, ಯಾವುದೋ ಬಸ್ಸಿನ ಸೀಟಿನ ಕಬ್ಬಿಣ. ಅಳವಂಡಿಯ ಒಬ್ಬ ಮುದುಕಿಗೆ ಎರಡು ಗಾಲಿಕುರ್ಚಿ ಸೇರಿಸಿ ಒಂದು ಮಾಡಿಕೊಟ್ಟಿದ್ದರು. ಅದರ ಒಂದು ಗಾಲಿ ಸ್ವಲ್ಪ ದೊಡ್ಡದು. “ಗಾಡಿನೂ ಕುಂಟತೈತಿ, ನಾನೂ ಕುಂಟತೀನಿ. ಜೋಡಿ ಛಲೋ ಕೂಡೇತಿ,” ಎಂದಳಂತೆ ಮುದುಕಿ. ಇದನ್ನು ಚಾಚಾ ಎಲ್ಲರಿಗೂ ಹೇಳುತ್ತಿದ್ದರು, ಪ್ರಶಸ್ತಿ ಪತ್ರ ಓದುವವರ ಹಾಗೆ.

ಇನ್ನೊಂದು ಅಭ್ಯಾಸವನ್ನೂ ದಾಖಲಿಸಬೇಕು. ಕಚೇರಿ, ಶಾಲೆ, ಆಸ್ಪತ್ರೆಗಳ ಸಾಮಾನಿನ ಮೇಲೆ ಬಣ್ಣದಲ್ಲಿ ಬರೆದ ನಂಬರು ಇರುತ್ತದಲ್ಲ, ಅದನ್ನು ಅವರು ಎಂದೂ ಅಳಿಸುತ್ತಿರಲಿಲ್ಲ. ಇಡೀ ಯಂತ್ರವನ್ನು ಸೀಮೆಎಣ್ಣೆ ಹಾಕಿ ಉಜ್ಜಿದರೂ ಆ ನಂಬರಿನ ಸುತ್ತ ಬೆರಳಗಲ ಬಿಟ್ಟು ಉಜ್ಜುತ್ತಿದ್ದರು. “ಅದನ್ನ ಒರಿಸಿದ್ರ ನಂದಾದಂಗ ಆಗ್ತದ. ನಾ ರಿಪೇರಿ ಮಾಡಾಂವ್ರಿ, ಮಾಲಕ ಅಲ್ಲ.” ನಾನು ವೃತ್ತಿಯ ಚಟದಿಂದ, ಯಾವ ದಿನ ಎಲ್ಲಿಂದ ಏನು ತಂದಿರಿ ಎಂದು ಒಂದು ವಹಿಯಲ್ಲಿ ಬರೆದಿಡಿ ಎಂದಿದ್ದೆ. “ಕಸಕ್ಕ ರಸೀದಿ ಯಾರು ಕೊಡ್ತಾರ ಸಾಹೇಬ್ರ?” ಎಂದು ನಕ್ಕಿದ್ದರು.

ಈಗ ಆ ಆಕ್ಸಿಜನ್ ಮಶೀನಿನ ವಿಷಯ. ಗಾಳಿಯಿಂದಲೇ ಆಮ್ಲಜನಕ ಸೋಸಿ ಕೊಡುವ, ಸಣ್ಣ ಕಪಾಟಿನಷ್ಟಿರುವ ಯಂತ್ರ. ಕೊರೊನಾ ಕಾಲದಲ್ಲಿ ದಾನವಾಗಿ ಬಂದವು, ಸರ್ಕಾರದಿಂದಲೂ ಬಂದವು. ಹಾರ ಹಾಕಿ, ಫೋಟೊ ಹೊಡೆಸಿ ಇಳಿಸಿಕೊಂಡಿದ್ದರು. ಆ ಫೋಟೊಗಳನ್ನು ನಾನೇ ಪತ್ರಿಕೆಗೆ ಕಳಿಸಿದ್ದೇನೆ. ಆಮೇಲೆ ಅವು ಆಸ್ಪತ್ರೆಯೊಂದರ ಹಿಂದಿನ ಅಂಗಳದಲ್ಲಿ ಮುರಿದ ಮಂಚಗಳ ಜೊತೆ ಬಿದ್ದಿದ್ದವು. ಯಾವ ಆಸ್ಪತ್ರೆ ಎಂದು ಹೇಳುವುದಿಲ್ಲ. ಹಿರಿಯ ಅಧಿಕಾರಿಯೊಬ್ಬರು ಪರಿಶೀಲನೆಗೆ ಬರುತ್ತಾರೆ ಎಂದಾಗ ಅಂಗಳ ಸ್ವಚ್ಛವಾಗಬೇಕಾಯಿತು. ಎರಡು ಟ್ರ್ಯಾಕ್ಟರ್ ತುಂಬಾ ಸಾಮಾನು ಕಸದ ಗುಡ್ಡಕ್ಕೆ ಬಂತು. ಇದನ್ನು ನಾನು ಕಣ್ಣಾರೆ ಕಂಡಿಲ್ಲ. ಅಲ್ಲಿದ್ದ ಇಬ್ಬರು ಹೆಣ್ಣುಮಕ್ಕಳು ಬೇರೆ ಬೇರೆಯಾಗಿ ಹೇಳಿದ್ದು, ಇಬ್ಬರ ಮಾತೂ ತಾಳೆಯಾಗಿತ್ತು.

ಚಾಚಾ ಒಂದು ಯಂತ್ರವನ್ನು ನಿಲ್ಲಿಸಿ, ಚೀಲ ಹೊದಿಸಿ ಬಂದರು. ಮೂರನೆಯ ದಿನ ಮನೆಗೆ ತಂದು ಬಿಚ್ಚಿದರು. ನನಗೆ ಫೋನ್ ಮಾಡಿ ಕರೆಸಿದರು. ಬಿಚ್ಚಿದ ಭಾಗಗಳನ್ನು ಒಂದೊಂದಾಗಿ ನನ್ನ ಮುಂದಿಟ್ಟರು.

“ನೋಡ್ರಿ. ಒಂದು ಕೆಪಾಸಿಟರ್ ಹೋಗೇತಿ. ಒಂದು ಪೈಪು ಸೀಳೇತಿ. ಉಳದದ್ದು ಬರೇ ಧೂಳು. ಗಿರಣಿ ಮೋಟರಿಗಿ ದಿನಾ ಮಾಡೂ ಕೆಲಸ ಇದು. ಇಷ್ಟಕ್ಕ ಇದನ್ನ ಕಸಕ್ಕ ಒಗದಾರ. ಆ ವರ್ಷ ಮಂದಿ ಇದರ ಸಲವಾಗಿ ಕಾಲು ಹಿಡದಾರ್ರಿ, ಕಾಲು.”

ರಿಪೇರಿ ಮಾಡಿ, ಪರಿಚಯದ ವೈದ್ಯರೊಬ್ಬರ ಹತ್ತಿರ ಒಯ್ದು ಆಮ್ಲಜನಕ ಎಷ್ಟು ಬರುತ್ತಿದೆ ಎಂದು ಅಳೆಸಿದರು. ಸರಿಯಾಗಿತ್ತು. ಆ ವೈದ್ಯರೇ ಇರಕಲ್ಲಗಡದ ಯಮನಪ್ಪನ ವಿಳಾಸ ಕೊಟ್ಟರು.

ಯಮನಪ್ಪ ಕುಷ್ಟಗಿ ಕಡೆಯ ಕಲ್ಲಿನ ಕ್ವಾರಿಗಳಲ್ಲಿ ಗ್ರಾನೈಟ್ ಕೊರೆದವನು. ವಯಸ್ಸು ನಲವತ್ನಾಲ್ಕು. ಎದೆಯಲ್ಲಿ ಕಲ್ಲಿನ ಧೂಳು ಕೂತಿತ್ತು. ಒಂದು ವಾಕ್ಯ ಮುಗಿಸಲು ಮೂರು ಕಡೆ ನಿಲ್ಲಬೇಕಿತ್ತು. ಆಸ್ಪತ್ರೆಯಲ್ಲಿ ನಾಲ್ಕು ದಿನ ಇಟ್ಟುಕೊಂಡು, ಮನೆಯಲ್ಲೇ ಆಕ್ಸಿಜನ್ ಕೊಡಿಸಿ ಎಂದು ಚೀಟಿ ಬರೆದು ಕಳಿಸಿದ್ದರು. ಹೊಲದ ಕೂಲಿ ಮಾಡುವ ಅವನ ಹೆಂಡತಿ ಹುಲಿಗೆವ್ವ ಆ ಚೀಟಿಯನ್ನು ಮಡಚಿ ಜಗುಲಿಯ ಮೇಲೆ ದೇವರ ಫೋಟೊದ ಹಿಂದೆ ಇಟ್ಟಿದ್ದಳು. ಬೇರೇನು ಮಾಡುವುದು?

ಮಶೀನು ಬಂದ ಮೇಲೆ ಏಳು ತಿಂಗಳು ಯಮನಪ್ಪ ಕಟ್ಟೆಯ ಮೇಲೆ ಕೂತು ಪೂರ್ತಿ ವಾಕ್ಯಗಳಲ್ಲಿ ಮಾತಾಡಿದ. ಹುಲಿಗೆವ್ವ ಮತ್ತೆ ಕೂಲಿಗೆ ಹೋದಳು. ಚಾಚಾ ಭಾನುವಾರಕ್ಕೊಮ್ಮೆ ಹೋಗಿ ಫಿಲ್ಟರ್ ತೊಳೆದು ಬರುತ್ತಿದ್ದರು. ಒಮ್ಮೆ ನಾನೂ ಜೊತೆಗೆ ಹೋದೆ. ಮೂಗಿಗೆ ಸಿಕ್ಕಿಸಿದ ನಳಿಗೆಯನ್ನು ತೋರಿಸಿ ಯಮನಪ್ಪ ಅಂದ: “ನಮ್ಮಪ್ಪ ಹೋರಿಗೆ ಮೂಗುದಾಣ ಹಾಕ್ತಿದ್ದ. ಈ ಚಾಚಾ ನನಗ ಹಾಕ್ಯಾನ ನೋಡ್ರಿ. ಹತ್ತು ಮಾರು ದಾಟಿ ಹೋಗಾಕ ಬರಂಗಿಲ್ಲ.”

“ಹೋಗಿ ಎಲ್ಲಿ ಉಳುಮಿ ಮಾಡಾಂವ ಅದಿ? ಕುಂದ್ರಲೇ,” ಎಂದರು ಚಾಚಾ.

ನಾನು ಬರೆದೆ. ಒಳ್ಳೆಯ ವರದಿ ಎಂದೇ ನಂಬಿ ಬರೆದೆ. ಹೆಸರು, ವಯಸ್ಸು, ಊರು. ಚಾಚಾ ಮಶೀನಿನ ಪಕ್ಕದಲ್ಲಿ ಕೂತ ಫೋಟೊ. ನಮ್ಮಲ್ಲಿ ಇನ್ನೊಂದು ನಿಯಮವಿದೆ: ಇನ್ನೊಂದು ಕಡೆಯವರನ್ನು ಕೇಳದೆ ಸುದ್ದಿ ಕಳಿಸಬಾರದು. ಒಳ್ಳೆಯ ನಿಯಮ. ನಾನು ಆಸ್ಪತ್ರೆಯ ಹೊಣೆ ಹೊತ್ತ ಅಧಿಕಾರಿಗೆ ಫೋನ್ ಮಾಡಿದೆ. ನಿಮ್ಮಲ್ಲಿಂದ ಬಿಸಾಕಿದ ಯಂತ್ರವೊಂದು ಇಂಥಲ್ಲಿ ಒಬ್ಬರಿಗೆ ಉಸಿರು ಕೊಡುತ್ತಿದೆ, ಏನು ಹೇಳುತ್ತೀರಿ ಎಂದೆ. ಅವರು ಬಹಳ ಸೌಜನ್ಯದಿಂದ, “ಅದರ ಮೇಲೆ ನಂಬರ್ ಏನಿದೆ?” ಎಂದರು. ಫೋಟೊ ನೋಡಿ ಓದಿ ಹೇಳಿದೆ. ಯಾವ ಊರು ಎಂದರು. ಅದನ್ನೂ ಹೇಳಿದೆ. ‘ಪರಿಶೀಲಿಸುತ್ತೇವೆ’ ಎಂಬ ಅವರ ಮಾತನ್ನು ವರದಿಯ ಕೊನೆಯ ಸಾಲಾಗಿ ಹಾಕಿದೆ.

ಪತ್ರಿಕೆ ಬಂದ ದಿನ ಮಧ್ಯಾಹ್ನದೊಳಗೆ ಪೊಲೀಸ್ ಜೀಪು ಇರಕಲ್ಲಗಡಕ್ಕೆ ಬಂತು. ಸರ್ಕಾರಿ ಸ್ವತ್ತಿನ ಕಳವು ಎಂದು ದೂರು ದಾಖಲಾಗಿತ್ತು. ಕಳವಿಗೆ ಸಾಕ್ಷಿ, ಚಾಚಾ ಸುತ್ತ ಬೆರಳಗಲ ಬಿಟ್ಟು ಉಜ್ಜಿದ್ದ ಆ ನಂಬರು. ಕಳ್ಳನಾದವನು ಮೊದಲು ಅಳಿಸುವುದು ಅದನ್ನೇ ಎಂದು ಯಾರಿಗೂ ಹೊಳೆಯಲಿಲ್ಲ. ಅಥವಾ ಹೊಳೆಯಿತು, ಬೇಕಾಗಲಿಲ್ಲ.

ಹುಲಿಗೆವ್ವ ಹೇಳಿದ್ದು: “ಅವರೇನು ಬೈಲಿಲ್ರಿ, ಬಡೀಲಿಲ್ರಿ. ಮೂಗಿನಾಗಿನ ನಳಿಗಿ ಮಾತ್ರ ತಾವು ತಗೀಲಿಲ್ಲ. ‘ನೀನ ತಗಿಯವಾ’ ಅಂತ ನನಗ ಹೇಳಿದ್ರು. ನಾನ ತಗದೆ ಅಣ್ಣಾರ. ನನ್ನ ಕೈಲೆ ನಾನ ತಗದೆ.”

ನಾನು ಆಸ್ಪತ್ರೆಯ ಆ ಅಧಿಕಾರಿಯನ್ನು ಕಂಡೆ. ಅವರು ಹೇಳಿದ್ದನ್ನೂ ದಾಖಲಿಸುತ್ತೇನೆ: ಯಾರೋ ಮೆಕ್ಯಾನಿಕ್ ರಿಪೇರಿ ಮಾಡಿದ ವೈದ್ಯಕೀಯ ಉಪಕರಣ ರೋಗಿಗೆ ಅಪಾಯಕಾರಿ, ವಿಲೇವಾರಿಗೆ ಹರಾಜಿನ ಕ್ರಮವಿದೆ. ಎರಡೂ ಸುಳ್ಳಲ್ಲ. ಹಾಗಾದರೆ ಹರಾಜಾಗದ ಸಾಮಾನು ಟ್ರ್ಯಾಕ್ಟರ್ ಹತ್ತಿದ್ದು ಹೇಗೆ ಎಂದೆ. “ಅದು ತನಿಖೆಯಲ್ಲಿ ಗೊತ್ತಾಗುತ್ತದೆ.” ಆ ರೋಗಿಗೆ ಬದಲಿ ಯಂತ್ರ ಕೊಡುತ್ತೀರಾ ಎಂದೆ. “ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ.” ವೈದ್ಯರು ಅಳೆದುಕೊಟ್ಟ ಪ್ರಮಾಣದ ಚೀಟಿ ತೋರಿಸಿದೆ. ಅವರು ಅದನ್ನು ಓದಿ, ಮಡಚಿ, ನನ್ನ ಕೈಗೇ ಕೊಟ್ಟರು. ಅಪಾಯಕಾರಿ ಎಂದು ಒಂದು ಯಂತ್ರವನ್ನು ಎತ್ತಿಕೊಂಡು ಹೋದವರು ಅದರ ಜಾಗದಲ್ಲಿ ಏನನ್ನೂ ಇಡದೆ ಹೋದರು. ಇದಕ್ಕೆ ನನ್ನ ವೃತ್ತಿಯಲ್ಲಿ ‘ನಿರ್ಲಕ್ಷ್ಯ’ ಎಂಬ ಪದ ಬಳಸುತ್ತಾರೆ. ನಾನು ಬಳಸುವುದಿಲ್ಲ. ಅವರಿಗೆ ಗೊತ್ತಿತ್ತು.

ಚಾಚಾ ಅವರನ್ನು ಒಂದು ದಿನವಿಡೀ ಠಾಣೆಯ ಬೆಂಚಿನ ಮೇಲೆ ಕೂರಿಸಿ ಜಾಮೀನಿನ ಮೇಲೆ ಬಿಟ್ಟರು. ಮರುದಿನ ಬೆಳಿಗ್ಗೆ ಅವರು ಕರೆಯದೆ ಮತ್ತೆ ಠಾಣೆಗೆ ಹೋದರು. ಜಪ್ತಿಯಾದ ಸಾಮಾನಿಗೆ ಪೊಲೀಸರ ಮಾತಿನಲ್ಲಿ ಮುದ್ದೆಮಾಲು ಎನ್ನುತ್ತಾರೆ. ಮಶೀನನ್ನು ಪಡಸಾಲೆಯ ಮೂಲೆಯಲ್ಲಿ, ನಾಲ್ಕು ಬೈಕುಗಳ ನಡುವೆ ಇಟ್ಟಿದ್ದರು. ಠಾಣೆಯ ಬರಹ ನೋಡಿಕೊಳ್ಳುವ ರೈಟರ್ ಕೇಳಿದ: “ಏನ್ ಚಾಚಾ, ನಿನ್ನೆ ಕುಂತಿದ್ದು ಸಾಕಾಗ್ಲಿಲ್ಲೇನು?”

“ನನಗಲ್ರೀ ಸಾಹೇಬ್ರ. ಮಶೀನಿಗಿ. ಇದನ್ನ ಬಂದ್ ಇಟ್ರ ಒಳಗ ತಂಪು ಹಿಡೀತೈತಿ, ಸೋಸೂ ಪುಡಿ ಹಾಳಾಗ್ತೈತಿ. ದಿನಾ ಹತ್ತು ನಿಮಿಷ ಚಾಲೂ ಮಾಡಾಕ ಕೊಡ್ರಿ. ಬಿಡಿಸ್ಕೊಂಡು ಹೋದ ದಿನ ಯಮನಪ್ಪಗ ಬೇಕಲ್ಲ.”

“ಮುದ್ದೆಮಾಲು ಮುಟ್ಟಂಗಿಲ್ಲ.”

“ನಾ ಮುಟ್ಟಂಗಿಲ್ರಿ. ನೀವ ಬಟನ್ ಒತ್ರಿ, ನಾ ದೂರ ನಿಂತು ಕೇಳ್ತೀನಿ.”

ರೈಟರ್ ಒಳ್ಳೆಯವನು. ಒತ್ತಿದ. ಹೀಗೆ ದಿನವೂ ಬೆಳಿಗ್ಗೆ ಹತ್ತು ನಿಮಿಷ ಆ ಯಂತ್ರ ಪೊಲೀಸ್ ಠಾಣೆಯ ಪಡಸಾಲೆಯಲ್ಲಿ ಶುದ್ಧ ಆಮ್ಲಜನಕವನ್ನು ಬೈಕುಗಳಿಗೆ ಕೊಡುತ್ತಿತ್ತು. ಇರಕಲ್ಲಗಡದಲ್ಲಿ ಯಮನಪ್ಪ ಗೋಡೆಗೆ ಒರಗಿ ಬಾಯಿ ತೆರೆದುಕೊಂಡು ಕೂತಿದ್ದ. ಮಲಗಿದರೆ ಉಸಿರು ನಿಲ್ಲುತ್ತಿತ್ತು. ನಾನು ಕಂಡಕಂಡವರಿಗೆ ಫೋನ್ ಮಾಡಿದೆ. ಸೇವಾ ಸಂಸ್ಥೆಯೊಂದು ‘ಮುಂದಿನ ವಾರ’ ಎಂದಿತು. ವಕೀಲರು ಮಶೀನು ಬಿಡಿಸಲು ಅರ್ಜಿ ಹಾಕಿದರು. ಆಕ್ಷೇಪಣೆ ಸಲ್ಲಿಸಲು ಆಸ್ಪತ್ರೆಯವರು ಕಾಲಾವಕಾಶ ಕೇಳಿದರು.

ಹನ್ನೊಂದನೆಯ ದಿನ ಬೆಳಗಿನ ಜಾವ ಯಮನಪ್ಪ ತೀರಿಕೊಂಡ.

ಹೇಳಲು ನಾನೇ ಠಾಣೆಗೆ ಹೋದೆ. ಮಶೀನು ಓಡುತ್ತಿತ್ತು. ಚಾಚಾ ಎರಡು ಮಾರು ದೂರದಲ್ಲಿ ಕೈಕಟ್ಟಿ, ಕತ್ತು ಓರೆ ಮಾಡಿ ನಿಂತು ಕೇಳುತ್ತಿದ್ದರು. ಹೇಳಿದೆ. ರೈಟರ್ ಬಂದ್ ಮಾಡಲು ಹೋದಾಗ, “ಇನ್ನಾ ಎರಡು ನಿಮಿಷ ಐತ್ರಿ” ಎಂದರು. ಎರಡು ನಿಮಿಷ ಮುಗಿದ ಮೇಲೆ ಹೊರಗೆ ಬಂದು, ಮೊಪೆಡ್ಡಿನ ಮೇಲೆ ಕೂತು, ನನ್ನ ಮುಖ ನೋಡದೆ ಒಂದು ಮಾತು ಹೇಳಿದರು.

“ಅವರಿಗಿ ಫೋನ್ ಮಾಡೂಕಿಂತ ಮೊದಲ ನನಗೊಂದು ಫೋನ್ ಮಾಡಬೇಕಿತ್ತ್ರಿ ಸಾಹೇಬ್ರ. ನಾ ಬ್ಯಾಡ ಅಂತಿದ್ದೆ.”

ಮತ್ತೆಂದೂ ಆ ಮಾತೆತ್ತಲಿಲ್ಲ. ನನ್ನ ಮೇಲಿನ ಮರ್ಯಾದೆಯನ್ನೂ ಕಡಿಮೆ ಮಾಡಲಿಲ್ಲ. ಇದೂ ಒಂದು ಶಿಕ್ಷೆ. ನಾನು ಪಾಲಿಸಿದ ನಿಯಮ ತಪ್ಪಲ್ಲ. ಆದರೆ ಆ ನಿಯಮದಲ್ಲಿ ‘ಇನ್ನೊಂದು ಕಡೆ’ ಎಂದರೆ ಯಾವಾಗಲೂ ಕುರ್ಚಿಯಿರುವ ಕಡೆ ಎಂದು ನಾನು ತಿಳಿದಿದ್ದೆ. ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು ಕೂತವನೂ ಒಂದು ಕಡೆ, ಈ ಸುದ್ದಿ ಬಂದರೆ ನಿನಗೇನಾಗುತ್ತದೆ ಎಂದು ಅವನನ್ನೂ ಕೇಳಬೇಕು ಎಂದು ಹೊಳೆದಿರಲಿಲ್ಲ.

ಚಾಚಾ ಠಾಣೆಗೆ ಹೋಗುವುದನ್ನು ನಿಲ್ಲಿಸಲಿಲ್ಲ. ಇನ್ನೇಕೆ ಎಂದು ರೈಟರ್ ಕೇಳಿದ್ದಕ್ಕೆ, “ಜಿಲ್ಲಾದಾಗ ಕ್ವಾರಿ ಬಂದ್ ಆಗ್ಯಾವೇನ್ರಿ?” ಎಂದರಂತೆ. ನಾಲ್ಕು ತಿಂಗಳ ನಂತರ ಒಂದು ಬೆಳಿಗ್ಗೆ ಚಹಾ ಕುಡಿದು, ಠಾಣೆಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದಾಗ ಹೊಸ್ತಿಲಲ್ಲೇ ಕುಸಿದರು. ಎದೆಬಡಿತ ನಿಂತಿತ್ತು. ಮಣ್ಣಿಗೆ ಬಂದವರಲ್ಲಿ ಕಸ ಆಯುವ ಹೆಣ್ಣುಮಕ್ಕಳೂ ಇದ್ದರು, ದೂರದಲ್ಲಿ, ಬೇವಿನ ಮರದ ಕೆಳಗೆ.

ಅವರ ಸಾವಿನ ಸುದ್ದಿಯನ್ನು ನಾನು ಎಂಟು ಸಾಲು ಬರೆದು ಕಳಿಸಿದೆ. ‘ಕಳವು ಆರೋಪ ಎದುರಿಸುತ್ತಿದ್ದ’ ಎಂಬ ಪದಗಳನ್ನು ಡೆಸ್ಕಿನವರು ಸೇರಿಸಿದರು. ವಾಸ್ತವವಾಗಿ ಅದು ಸರಿಯಾದ ಮಾಹಿತಿ.

ಪ್ರಕರಣ ಮುಗಿದ ಮೇಲೆ ಮಾಹಿತಿ ಹಕ್ಕಿನಲ್ಲಿ ಆಸ್ಪತ್ರೆಗೆ ಒಂದು ಪ್ರಶ್ನೆ ಕೇಳಿದೆ: ಈ ನಂಬರಿನ ಯಂತ್ರ ಈಗ ಎಲ್ಲಿದೆ? ಕಳುವಾಗಿತ್ತು ಎಂದು ಬರೆದರೆ ಅದು ಅಂಗಳದಿಂದ ಹೊರಗೆ ಹೋದದ್ದು ಹೇಗೆ ಎಂದು ಯಾರಾದರೂ ಉತ್ತರ ಕೊಡಬೇಕಾಗುತ್ತದೆ. ಆರೋಪಿ ಸತ್ತ ಮೇಲೆ ಆ ತೊಂದರೆ ಯಾರಿಗೆ ಬೇಕು? ಮೊಹರು ಹಾಕಿದ ಉತ್ತರ ಬಂತು: ‘ಸದರಿ ಸಂಖ್ಯೆಯ ಯಂತ್ರವು ಉಗ್ರಾಣದಲ್ಲಿ ಸುಸ್ಥಿತಿಯಲ್ಲಿರುತ್ತದೆ.’ ಯಂತ್ರ ಆಗಲೂ ಠಾಣೆಯ ಪಡಸಾಲೆಯಲ್ಲೇ ಇತ್ತು.

ಅದೇ ವಾರ ಹುಲಿಗೆವ್ವ ಮೈದುನನನ್ನು ಕರೆದುಕೊಂಡು ನ್ಯಾಯಾಲಯಕ್ಕೆ ಬಂದಿದ್ದಳು. ಯಮನಪ್ಪನ ತಮ್ಮ, ಅದೇ ಕ್ವಾರಿಯಲ್ಲಿ ಕಲ್ಲು ಕೊರೆದವನು. ಮೆಟ್ಟಿಲ ಮೇಲೆ ಕೂತು ಮೇಲುಸಿರು ಬಿಡುತ್ತಿದ್ದ. ಕೇಸು ಮುಗಿದಿದೆಯಲ್ಲ, ಮಶೀನು ಇವನಿಗಾದರೂ ಕೊಡಿ ಎಂದು ಅವಳ ಅರ್ಜಿ. ಗುಮಾಸ್ತ ತಿರುವಿ ನೋಡಿ ವಾಪಸ್ ಕೊಟ್ಟ. ಮಾಲು ಬಿಡುವುದಿದ್ದರೆ ಮಾಲೀಕರೇ ಅರ್ಜಿ ಹಾಕಬೇಕು. ಆರೋಪಿ ಎಂದೂ ತನ್ನದೆಂದು ಹೇಳಿಲ್ಲ. ಆಸ್ಪತ್ರೆಯವರದು ಅವರ ಉಗ್ರಾಣದಲ್ಲೇ ಇದೆ ಎಂದು ನ್ಯಾಯಾಲಯಕ್ಕೂ ಅವರೇ ಬರೆದುಕೊಟ್ಟಿದ್ದಾರೆ. ಹೀಗಾಗಿ ಠಾಣೆಯಲ್ಲಿರುವುದು ಯಾರದೂ ಅಲ್ಲ. ಯಾರದೂ ಅಲ್ಲದ್ದನ್ನು ಯಾರಿಗೂ ಕೊಡಲು ಬರುವುದಿಲ್ಲ.

ನಾನು ಅವಳಿಗೆ ಇದನ್ನು ಬಿಡಿಸಿ ಹೇಳಿದೆ. ಎರಡು ಸಲ ಹೇಳಬೇಕಾಯಿತು. ಅವಳು ಅರ್ಜಿಯ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡೇ, ಒಳಗಿನವರಿಗೂ ಕೇಳುವ ಹಾಗೆ ಕೇಳಿದಳು:

“ಯಾರದೂ ಅಲ್ಲ ಅಂದ್ರ, ಮತ್ತ ಚಾಚಾ ಕದ್ದದ್ದು ಯಾರದನ್ನ, ಅಣ್ಣಾರ?”